ಸರಕಾರಿ ಹೂವಿನ ಖಣ

ಬಾಗಲಕೋಟೆಯ ಕಚೇರಿಯಿಂದ ಕಾಗದ ಬಂತು,
ಮೂಲೆಗೊಂದು ಗುಂಡುಸೂಜಿ, ಕೆಳಗೆ ದುಂಡು ಮೊಹರು:
ನೂರು ಖಣ ಬೇಕು, ಒಡಲಲ್ಲಿ ರಾಜ್ಯಪುಷ್ಪವಿರಬೇಕು.
ರಾಜ್ಯಪುಷ್ಪವೆಂದರೆ ಕಮಲ, ಎಂದು
ಬೇರೆ ಸಾಲಿನಲ್ಲಿ ಬಿಡಿಸಿ ಬರೆದಿದ್ದರು,
ಗುಳೇದಗುಡ್ಡದವರಿಗೆ ಗೊತ್ತಿರಲಿಕ್ಕಿಲ್ಲವೆಂದು.

ಗೊತ್ತಿತ್ತು. ಹೇಗಂದರೆ,
ಮುಖ ನೋಡದ ಸೋದರಮಾವನ ಹೆಸರು ಗೊತ್ತಿದ್ದ ಹಾಗೆ.
ನಾವು ಪದ್ಮಸಾಲಿಗರು. ನಮ್ಮ ಮೂಲದವನು
ತಾವರೆ ದಂಟಿನ ನೂಲು ತೆಗೆದು
ದೇವರ ಮೈಗೆ ಬಟ್ಟೆ ನೇಯ್ದನಂತೆ.
ನಾನು ನಲವತ್ತು ವರ್ಷ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟವ,
ತೇರು ನೇಯ್ದೆ, ಕಳಸ ನೇಯ್ದೆ, ಸೂಜಿಮಲ್ಲಿಗೆ, ಆನೆಹೆಜ್ಜೆ.
ನೀರಲ್ಲಿ ನಿಂತ ಕಮಲವನ್ನು,
ಸುಳ್ಳು ಯಾಕೆ, ಕಂಡಿರಲಿಲ್ಲ.
ಕಂಡದ್ದು ಕ್ಯಾಲೆಂಡರಿನಲ್ಲಿ, ಲಕ್ಷ್ಮಿಯ ಪಾದದಡಿ,
ಅದೂ ಡಿಸೆಂಬರ್ ಮುಗಿಯುವತನಕ.

ಬಾದಾಮಿಯ ಗುಹೆಯ ಮಾಡಿನಲ್ಲಿ ಇದೆ ಹೋಗು, ಅಂದರು.
ಬಸ್ಸು ಹತ್ತಿದೆ, ಎಡಗಡೆ ಕಿಟಕಿ.
ಪರ್ವತಿ ದಾಟಿದ್ದೇ ತಡ
ಕೆಂಪುಕಲ್ಲಿನ ಸಂದಿಸಂದಿಗೂ ಹೊನ್ನಾವರಿಕೆ,
ಕರೆಯದ ಮದುವೆಗೆ ಬಂದ ನೆಂಟರ ಹಾಗೆ
ಹಳದಿ ಉಟ್ಟು, ಹಿಂಡುಹಿಂಡಾಗಿ.
ಆಡುಗಳು ಮೂಸಿದವು, ಮುಂದೆ ಹೋದವು.
ನಾನೂ ಅಷ್ಟೇ.

ಗುಹೆಯ ನೆಲ ತಣ್ಣಗಿತ್ತು. ಅಂಗಾತ ಮಲಗಿದೆ.
ಕೆಸರಿಲ್ಲ, ನೀರಿಲ್ಲ,
ಬೇರನ್ನು ಗುಡ್ಡದೊಳಗೆ ಬಿಟ್ಟು
ತಲೆಕೆಳಗಾಗಿ ಅರಳಿತ್ತು ಕಲ್ಲು.
ಎಸಳೆಣಿಸಿದೆ. ತಪ್ಪಿತು. ಮತ್ತೆ ಎಣಿಸಿದೆ.
‘ಏಳ್ರಿ ಅಜ್ಜಾರ, ಇದು ಮಲಗೂ ಜಾಗ ಅಲ್ಲ.’
‘ಮಲಗಿಲ್ಲಪ್ಪಾ, ಎಣಸಾಕತ್ತೇನಿ.’
ಕಾವಲಿನ ಹುಡುಗ ತಾನೂ ಮೇಲೆ ನೋಡಿದ,
ಮೂರು ವರ್ಷದ ನೌಕರಿಯಲ್ಲಿ ಮೊದಲ ಸಲವಂತೆ.

ಖಣದ ಹೂವೆಂದರೆ ಎಷ್ಟಿದ್ದೀತು?
ಕಿರುಬೆರಳ ಉಗುರಿನಷ್ಟು.
ಹದಿನಾರು ಎಸಳು ಹಾಕಿದೆ, ಮುದ್ದೆಯಾಯಿತು.
ಎಂಟಕ್ಕಿಳಿಸಿದೆ, ಬಂಡಿಯ ಗಾಲಿ.
ಐದಾದಾಗ ಹೂವು ಉಸಿರಾಡಿತು.
ಗುಲಾಬಿ ಎಳೆ ಕೆಂಪು ಒಡಲಲ್ಲಿ ಮುಳುಗಿಹೋಗುತ್ತಿತ್ತು,
ಹಳದಿ ಕೊಟ್ಟೆ.

ಕಂಡಿಕೆ ಸುತ್ತುತ್ತಿದ್ದ ಅಂಬವ್ವ ಕತ್ತು ಚಾಚಿ
‘ಹೊನ್ನಾವರಿಕಿ ಯಾಕ ನೇಯಾಕತ್ತೀರಿ?’ ಅಂದಳು.
‘ಇದು ಕಮಲ.’
‘ಹೌದೇನು,’ ಅಂದಳು, ‘ಇರಲಿ.
ಪಂಚಮಿಗೊಮ್ಮೆ ನಾನೂ ಹುತ್ತಕ್ಕ ನಾಗಪ್ಪ ಅಂತೇನಿ.’
ತಡೆದು, ನೂಲು ಕಚ್ಚಿ ಹರಿದು, ಮತ್ತೆ:
‘ದೀಪಾವಳಿಗೆ ಸಗಣಿ ಪಾಂಡವರ ತಲೀಗೆ
ಕಮಲ ಏರಿಸಿ ನೋಡ್ರಿ. ಬಡಾನ ಮಗಚ್ತಾರ.
ಈ ಹೂವಿನ ಭಾರ ಅವರಿಗೆ ಗೊತ್ತೈತಿ.’

ಆ ವಾರವೇ ಸಿರಸಿಲ್ಲದ ಬೀಗ ರಾಜಮಲ್ಲಯ್ಯ ಬಂದ,
ಮಗ್ಗದ ಮೇಲಿನ ಬಟ್ಟೆಗೆ ಕೈಮುಗಿದ:
‘ತಂಗೇಡು! ನಮ್ಮ ಕಡೆ ಇದೇ ರಾಜ್ಯದ ಹೂವು, ಬೀಗರೆ.’
ಇರಬಹುದು. ಅಲ್ಲಿ ಅದಕ್ಕೆ ಪದವಿ,
ಇಲ್ಲಿ ಅದು ಬೇಲಿ.
ಗಿಡಕ್ಕೆ ಆದೇಶದ ಪ್ರತಿ ತಲುಪಿದ ಹಾಗಿಲ್ಲ,
ಎರಡೂ ಕಡೆ ಒಂದೇ ಹಳದಿ,
ಎರಡೂ ಕಡೆ ಆಡು ಮೂಸಿ ಬಿಡುತ್ತದೆ.

ನೂರು ಖಣ ಹೋದವು. ಕಚೇರಿಯಿಂದ ಉತ್ತರ:
‘ಕಮಲವು ಸುಂದರವಾಗಿ ಮೂಡಿಬಂದಿದೆ.’

ಲೆಕ್ಕದ ಪುಸ್ತಕದಲ್ಲಿ ಹೊಸ ನಮೂನೆಗೆ ಹೆಸರು ಬೇಕಲ್ಲ.
ಕಮಲ ಎಂದು ಬರೆದೆ, ಹೊಡೆದೆ.
ಹೊನ್ನಾವರಿಕೆ ಎಂದು ಬರೆದೆ,
ಬಿಲ್ಲು ಪಾಸಾಗಬೇಕಿತ್ತು, ಅದನ್ನೂ ಹೊಡೆದೆ.
ಉಳಿದ ಸಣ್ಣ ಜಾಗದಲ್ಲಿ ‘ಸರಕಾರಿ ಹೂ’ ಹಿಡಿಸಿತು.

ಈಗ ಕೆರೂರ ಸಂತೆಯಲ್ಲಿ ಅದೇ ಹೆಸರು.
ಮೊನ್ನೆ ಒಬ್ಬಾಕೆ, ತುರುಬಿನಲ್ಲಿ ಚೆಂಡುಹೂವು,
ಖಣದ ಅಂಚನ್ನು ಉಗುಳಲ್ಲಿ ಒದ್ದೆಮಾಡಿ ತಿಕ್ಕಿ
‘ಸರಕಾರದ್ದು ಅಂತೀರಿ, ಬಣ್ಣ ಬಿಡೂದಿಲ್ಲ ಹೌದಿಲ್ಲೊ?’
‘ಬಿಡೂದಿಲ್ಲ ಬೇ,’ ಅಂದೆ.
ಆಕೆ ಇನ್ನೂ ತಿಕ್ಕುತ್ತಿದ್ದಳು.