ಅಂಗುಸ್ತಾನವಿಲ್ಲದ ಬೆರಳು

ತೋರುಬೆರಳಿಗೆ ಸಿಕ್ಕಿಸಿದ ಕ್ಲಿಪ್ಪು ಏನನ್ನೂ ಓದಲಿಲ್ಲ.
ಪರದೆಯಲ್ಲಿ ಅಂಕಿಯ ಜಾಗಕ್ಕೆ ಎರಡು ಗೀಟು.
ಯಂತ್ರವನ್ನು ಬೈದುಕೊಂಡು
ಎರಡು ಪದರ ಕೈಗವಸಿನ ಮೇಲಿಂದಲೇ ಮುಟ್ಟಿ ನೋಡಿದೆ:
ಬೆರಳ ತುದಿ ಹುಣಸೆ ಬೀಜದ ಹಾಗೆ,
ಸೂಜಿ ಚುಚ್ಚಿ ಚುಚ್ಚಿ ಜಡ್ಡುಗಟ್ಟಿದ ಚರ್ಮ.
ಬೀದರಿನಲ್ಲಿ, ಕರಿ ಹೂಜಿಗೆ ಬೆಳ್ಳಿ ತಂತಿ ಕೂರಿಸುವ
ನಮ್ಮಪ್ಪನ ಹೆಬ್ಬೆರಳೂ ಹೀಗೇ;
ಕುದಿವ ಚಹದ ಲೋಟ ಹಿಡಿದರೂ
ಅದಕ್ಕೆ ಸುದ್ದಿ ಮುಟ್ಟುತ್ತಿರಲಿಲ್ಲ.

ಕ್ಲಿಪ್ಪನ್ನು ಕಿವಿಗೆ ಹಾಕಿದೆ.
ಎಂಬತ್ತೊಂದು.

ತೊಫಜ್ಜಲ್ ಮಿಯಾ. ನಲವತ್ತೇಳು.
ಊರು ಚಿತ್ತಗಾಂಗಿನಿಂದಾಚೆ ಎಲ್ಲೋ,
ಸೊಹಾರಿನ ಸೂಕಿನಲ್ಲಿ ದಿಶ್‌ದಾಶಾ ಹೊಲಿಯುವವ.
ಕೊರಳಿನಿಂದ ಇಳಿಬಿಡುವ ಆ ಒಂದೇ ಒಂದು ಕುಚ್ಚು,
ಅತ್ತರಿನಲ್ಲಿ ಅದ್ದಲೆಂದೇ ಇರುವುದು,
ಅದನ್ನು ಹೆಣೆಯುವುದರಲ್ಲಿ ತನ್ನ ಮುಂದೆ ಯಾರೂ ಇಲ್ಲವೆಂದ,
ಸಿಕ್ಕಿದಷ್ಟು ಉಸಿರಿನಲ್ಲಿ.
ನನ್ನ ಗೌನಿನ ಹೆಗಲ ಹೊಲಿಗೆ ಬಿಟ್ಟಿತ್ತು,
ಪ್ಲಾಸ್ಟರು ಅಂಟಿಸಿಕೊಂಡಿದ್ದೆ.
“ಯಾರು ಹೊಲಿದರು ಇದನ್ನು, ಆಪಾ?
ಕಫನ್ನಿಗೂ ಇಷ್ಟು ಅಗ್ಗದ ಬಟ್ಟೆ ಹಾಕುವುದಿಲ್ಲ.
ವಾಸಿಯಾಗಲಿ, ನಾನೇ ಹಾಕಿಕೊಡುತ್ತೇನೆ.”
ನಗಲು ಹೋಗಿ ಕೆಮ್ಮಿದ.
ಕೆಮ್ಮು ನಿಂತಾಗ ನಗು ಉಳಿದಿರಲಿಲ್ಲ.

ನಳಿಗೆ ಇಳಿಸುವ ಮೊದಲು ಕೇಳಿದ, ಎಷ್ಟು ದಿನ ನಿದ್ದೆ?
ಗೊತ್ತಿಲ್ಲವೆಂದೆ.
ಸುಳ್ಳು ಹೇಳುವಷ್ಟು ಹಿಂದಿ ನನಗೂ ಬರುತ್ತಿತ್ತು.
ಔಷಧಿ ಹತ್ತುವ ತನಕ ಕೈ ಹಿಡಿದುಕೊಂಡಿದ್ದೆ.
ಮೊದಲು ಬಿಟ್ಟವನು ಅವನು.

ಆಮೇಲೆ ಹಗಲಿಗೊಮ್ಮೆ ಇರುಳಿಗೊಮ್ಮೆ ಮಗುಚುವ ಕೆಲಸ.
ಒಂದು ಮೈಗೆ ಐದು ಜನ.
ಝುವೈನಾ ತಲೆಯ ಬಳಿ, ನಳಿಗೆ ಅವಳ ಮುಷ್ಟಿಯಲ್ಲಿ.
ಮರಿವಿಕ್ ಬಲಕ್ಕೆ. ನಾನು ಎಡಕ್ಕೆ, ಯಾವಾಗಲೂ ಎಡಕ್ಕೆ.
ವಾಹಿದ್, ಇತ್ನೇನ್, ತಲಾತಾ...
ಕೂಸು ಮೊದಲ ಸಲ ಬೋರಲು ಬಿದ್ದರೆ
ನಮ್ಮ ಓಣಿಯಲ್ಲಿ ಮನೆಮನೆಗೆ ಸಕ್ಕರೆ ಕೊಡುತ್ತಾರೆ.
ಇಲ್ಲಿ ಗಡ್ಡ ನರೆತ ಗಂಡಸೊಬ್ಬ ಬೋರಲಾದ,
ಐವರೂ ಅಂಕಿ ನೋಡುತ್ತ ನಿಂತೆವು.
ಎಂಬತ್ತಾರು.
ಎಂಬತ್ತೆಂಟು.
ಸಕ್ಕರೆ ಯಾರ ಹತ್ತಿರವೂ ಇರಲಿಲ್ಲ.

ನಡುರಾತ್ರಿ ಒದ್ದೆ ಬಟ್ಟೆಯಿಂದ ಅವನ ಬಾಯಿ ಒರೆಸುವಾಗ
ಹೇಳುತ್ತಿದ್ದೆ: ಹೊರಗೆ ಇವತ್ತು ನಲವತ್ತಾರು ಡಿಗ್ರಿ,
ಹಾಸ್ಟೆಲಿನಲ್ಲಿ ಮತ್ತದೇ ಬೇಳೆ,
ನನ್ನ ಮಗ ಫೋನಿನಲ್ಲಿ ನೋಡಿ
ಮೂಗಿನ ಮೇಲೆ ಯಾರು ಹೊಡೆದರು ಅಂತಾನೆ.
ಕನ್ನಡದಲ್ಲೇ ಹೇಳುತ್ತಿದ್ದೆ.
ಆ ಹೊತ್ತಿಗೆ ಬೇರೆ ಭಾಷೆ ಹುಡುಕುವಷ್ಟು ತ್ರಾಣ ಇರುತ್ತಿರಲಿಲ್ಲ.

ಒಂಬತ್ತನೆಯ ಹಾಸಿಗೆ ಗುರುವಾರ ಖಾಲಿಯಾಯಿತು.
ಅದರ ಬಗ್ಗೆ ಬರೆಯುವುದಿಲ್ಲ.
ಶುಕ್ರವಾರ ತುಂಬಿತು.

ತೊಫಜ್ಜಲನ ನಳಿಗೆ ತೆಗೆದದ್ದು ನಾನು ರಜೆಯಲ್ಲಿ
ಹೆಣದ ಹಾಗೆ ಮಲಗಿದ್ದ ದಿನ.
ದನಿ ಹೊರಡದೆ ಗಾಳಿಯಲ್ಲಿ ಎರಡು ಬೆರಳು ಆಡಿಸಿದನಂತೆ.
ನೀರು ಕೇಳುತ್ತಿದ್ದಾನೆ ಎಂದುಕೊಂಡಳಂತೆ ಝುವೈನಾ.
ನನಗೆ ದಾರವಿರಬೇಕು ಅನಿಸಿತು.
ಯಾರನ್ನು ಕೇಳುವುದು, ವಾರ್ಡಿಗೆ ಸಾಗಿಸಿಬಿಟ್ಟಿದ್ದರು.

ಎರಡು ವರ್ಷ ಕಳೆದು ಸೂಕಿಗೆ ಹೋದೆ,
ಸಡಿಲವಾದ ಯೂನಿಫಾರ್ಮು ಹಿಡಿಸಲು.
ಮೊದಲನೆಯ ಅಂಗಡಿಯಲ್ಲ, ಮೂರನೆಯದು.
ಹುಡುಕಿಕೊಂಡು ಹೋದೆನೆಂದು ಯಾರಾದರೂ ಅಂದರೆ ಅನ್ನಲಿ.
ಟೇಪು ಹಿಡಿದು ಬಂದವನ ಬೆರಳು ಮೊದಲು ಕಂಡಿತು,
ಆಮೇಲೆ ಕೆನ್ನೆಯ ಮೇಲೆ
ದಿಂಬಿಗೊತ್ತಿ ಉಳಿದ ನಾಣ್ಯದಷ್ಟು ಕಲೆ.
ನನ್ನ ಮುಖ ಅವನು ಕಂಡದ್ದೇ ಇಲ್ಲ.

“ಎಡಹೆಗಲು ಅರ್ಧ ಇಂಚು ಇಳಿದಿದೆ, ಮೇಡಂ.
ಭಾರ ಎತ್ತುತ್ತೀರಾ ಏನಾದರೂ?”

ಹೇಳಬಹುದಿತ್ತು.
ಸುಣ್ಣದ ಬಳಪ ಹಿಡಿದು ಗುರುತು ಹಾಕಲು ಬಗ್ಗಿದ.
ಹಳೆಯ ಚಾಳಿ, ಅವನ ಉಸಿರು ಎಣಿಸುತ್ತ ನಿಂತೆ.
ನಿಮಿಷಕ್ಕೆ ಹದಿನಾರು.
“ಹೆಗಲಲ್ಲಿ ಬಿಡದ ಹಾಗೆ ಹಾಕಿ” ಎಂದೆ.
ಹೆಸರು ಕೇಳಿ, ಎಸ್ತೇರ್ ಎಂದದ್ದನ್ನು
ರಸೀದಿಯಲ್ಲಿ ತಪ್ಪಾಗಿ ಬರೆದುಕೊಂಡ.
ಮಂಗಳವಾರ ಬನ್ನಿ ಎಂದ.