ನಲವತ್ಮೂರು ಸೆಕೆಂಡು

ಕಿನ್ಸ್‌ಬ್ರುನ್ನರ್ ಅವರ ಕೈಬರಹ ಓದಬಲ್ಲವಳು
ಇಡೀ ಸ್ಟುಡಿಯೋದಲ್ಲಿ ನಾನೊಬ್ಬಳೇ.
ಶಾರ್ಪೆಂದರೆ ಮುರಿದ ಬೇಲಿ,
ಫ್ಲಾಟೆಂದರೆ ಗೋಡೆಗೊರಗಿ ನಿಂತ ಬಸುರಿ.
ರಾತ್ರಿ ಹನ್ನೊಂದಕ್ಕೆ ಬರುತ್ತವೆ ಹಾಳೆ. ಬೆಳಗ್ಗೆ ಎಂಟಕ್ಕೆ
ಐವತ್ತೆರಡು ಸ್ಟ್ಯಾಂಡುಗಳ ಮೇಲೆ ಮಸಿ ಒಣಗಿರಬೇಕು.
ಪುಟಕ್ಕೆ ಮೂವತ್ತು ಸೆಂಟು.

ಈ ಸಲದ್ದು ಕುದುರೆ ಸವಾರರ ಚಿತ್ರ.
ಮೂರನೇ ರೀಲು: ದಿಬ್ಬದಂಚಿಗೆ ಬಂದವನು ಟೋಪಿ ತೆಗೆಯುತ್ತಾನೆ,
ಕೆಳಗೆ ಹುಲ್ಲುಗಾವಲು, ಕೊನೆಯಿಲ್ಲದ್ದು.
ನಲವತ್ಮೂರು ಸೆಕೆಂಡು.
"ಆಕಾಶ ಇನ್ನಷ್ಟು ಬೇಕು" ಅಂದರಂತೆ ಹ್ಯಾಗರ್ಟಿ,
ಸಿಗಾರಿನಿಂದ ಗಾಳಿಯಲ್ಲೊಂದು ಗೆರೆ ಎಳೆದು,
"ಅಮೆರಿಕದ್ದು. ನಿಮ್ಮ ವಿಯೆನ್ನಾದ್ದಲ್ಲ."
ನಾನು ವಿಯೆನ್ನಾದವನಲ್ಲ, ಚೆರ್ನೊವಿಟ್ಸಿನವನು
ಅನ್ನಲಿಲ್ಲ ಇವರು.
ಗಡಿಯಾರ ಜೇಬಿಗಿಟ್ಟು ಮನೆಗೆ ನಡೆದರು.
ಇಲ್ಲಿ ಯಾರೂ ನಡೆಯುವುದಿಲ್ಲ;
ಪೊಲೀಸಿನವನು ಕಾರು ನಿಲ್ಲಿಸಿ ಕೇಳಿದನಂತೆ,
ಏನಾದರೂ ಕಳಕೊಂಡಿರಾ ಅಂತ.

ಹುಲ್ಲುಗಾವಲು ಅವರು ಕಂಡದ್ದು ಒಂದೇ ಸಲ,
ರೈಲಿನ ಕಿಟಕಿಯಿಂದ, ಅದೂ ಅರ್ಧ ನಿದ್ದೆಯಲ್ಲಿ.

ನಾಲ್ಕು ಹಾರ್ನುಗಳ ಸಾಲು ಇಳಿಸುತ್ತ
ತುಟಿಯೊಳಗೇ ಗುನುಗಿದೆ. ಪೆನ್ನು ನಿಂತಿತು.
ಇದು ಅಪ್ಪನ ಶಿಳ್ಳೆ.
ಬಾಯ್ಲ್ ಹೈಟ್ಸಿನ ತಗಡಿನಂಗಡಿಯಲ್ಲಿ
ಕತ್ತರಿಯ ಸದ್ದಿಗೆ ತಾಳ ಕೂಡಿಸಿ ಅವನು ಹಾಕುವ ಶಿಳ್ಳೆ:
ಮದುವೆ ಮುಗಿದ ನಡುರಾತ್ರಿ, ಕೆಸರು ಬೀದಿಯಲ್ಲಿ,
ಬೀಗರನ್ನು ಮನೆ ಮುಟ್ಟಿಸಲು
ಪಿಟೀಲಿನವರು ನುಡಿಸುತ್ತಿದ್ದ ನಡಿಗೆ.
ಅದನ್ನೇ ಮೂರು ಪಟ್ಟು ನಿಧಾನಿಸಿ,
ಗೋಡೆಗೊರಗಿದ ಬಸುರಿಯನ್ನು ನೆಟ್ಟಗೆ ನಿಲ್ಲಿಸಿ,
ಟೋಪಿ ತೊಡಿಸಿ
ಕುದುರೆ ಹತ್ತಿಸಿದ್ದರು ಪುಣ್ಯಾತ್ಮ.

ಬೆಳಗ್ಗೆ ಕೆಂಪು ದೀಪ ಹತ್ತಿತು.
ವಿಯೋಲಾದ ಹಿಂದಿನ ಸಾಲಿನಲ್ಲಿ ಮುದುಕ ಟೆನ್ನೆನ್‌ಬೌಮ್
ತಲೆ ಎತ್ತಿದ. ಕಮಾನು ಮಾತ್ರ ನಿಲ್ಲಲಿಲ್ಲ.
ಗಾಜಿನಾಚೆ ಹ್ಯಾಗರ್ಟಿ ಕಣ್ಣೊರೆಸಿಕೊಂಡರು:
"ಇದು, ಇದು ನೋಡಿ ನಮ್ಮ ನೆಲದ ದನಿ!"
ಯಾರೂ ನಗಲಿಲ್ಲ.
ಕಿನ್ಸ್‌ಬ್ರುನ್ನರ್ ಗಡಿಯಾರ ನೋಡಿದರು:
"ನಲವತ್ನಾಲ್ಕಾಯಿತು. ಇನ್ನೊಂದು ಸಲ."

ಆಮೇಲೆ ಓಣಿಯಲ್ಲಿ ಕೇಳಿದೆ, ಅಪ್ಪನ ಭಾಷೆಯಲ್ಲಿ,
ಬೀಗರು ಮನೆ ಮುಟ್ಟಿದರೇ ಅಂತ.
ಅವರು ನನ್ನ ಬೆರಳ ಮಸಿ ನೋಡುತ್ತ ನಿಂತರು.
"ಏಳನೇ ಪುಟದಲ್ಲಿ ಕ್ಲಾರಿನೆಟ್ಟಿಗೆ ಒಂದು ವಿರಾಮ ಬಿಟ್ಟಿದ್ದೀರಿ."

ಚಿತ್ರ ಬಂತು. ಬೇಸಿಗೆಯೂ ಬಂತು.
ನಮ್ಮ ಬೀದಿಯ ಹುಡುಗರು ಪೊರಕೆಕೋಲು ಏರಿ
ಅದನ್ನೇ ಶಿಳ್ಳೆ ಹಾಕುತ್ತ ಓಡುತ್ತಾರೆ.
ಅಂಗಡಿ ಮೆಟ್ಟಿಲ ಮೇಲಿಂದ ಅಪ್ಪ ತಡೆಯುತ್ತಾನೆ:
"ತಪ್ಪು ಕಣ್ರೋ, ಅಲ್ಲಿ ಸ್ವರ ಬಾಗಬೇಕು."
"ಇಲ್ಲ ತಾತ, ಅದು ಇರುವುದೇ ಹೀಗೆ.
ನಾವು ಸಿನಿಮಾದಲ್ಲೇ ಕೇಳಿದ್ದೀವಿ."