ಮೆದೇಹಳ್ಳಿ ರಸ್ತೆಯಲ್ಲಿ ನೂರು ವೋಲ್ಟು

ಮೋಟರು ಸುತ್ತುವ ನನ್ನ ಅಂಗಡಿಗೆ
ಜಪಾನಿನ ಕಾರು ಬಂದಿದೆ, ಹಸಿದು.
ಗ್ರಾನೈಟಿನ ಸಾಹುಕಾರರು ಹಡಗಲ್ಲಿ ತರಿಸಿದ್ದು.
ಪೆಟ್ರೋಲೂ ಆಗುತ್ತದೆ, ಕರೆಂಟೂ ಬೇಕು ಅದಕ್ಕೆ.
ಪ್ಲಗ್ಗಿಗೆ ಎರಡು ಚಪ್ಪಟೆ ಹಲ್ಲು,
ನಮ್ಮ ಗೋಡೆಗೆ ಮೂರು ದುಂಡು ತೂತು.

"ವೈರು ಬಿಚ್ಚಿ ಕಡ್ಡಿ ತುರುಕಿಬಿಡು ಪಾಲಯ್ಯ" ಎಂದರು.
ಹಾಲುಗೂಸಿಗೆ ಜೋಳದ ರೊಟ್ಟಿಯೇ, ಸ್ವಾಮಿ?
ಅದು ಕುಡಿಯುವುದು ನೂರು,
ನಮ್ಮದು ಇನ್ನೂರ ಮೂವತ್ತು,
ಪಂಪ್‌ಸೆಟ್ಟುಗಳು ನಿಂತ ಹೊತ್ತಲ್ಲಿ ಇನ್ನೂ ಮೇಲೆ.

ಮೂರು ದಿನ ತಾಮ್ರ ಸುತ್ತಿದೆ
ಹಳೇ ವೆಲ್ಡಿಂಗ್ ಮಷೀನಿನ ಕಬ್ಬಿಣದೆದೆಗೆ,
ಎಣಿಸಿ ಎಣಿಸಿ. ಮಧ್ಯೆ ಯಾರಾದರೂ ಚಾ ಅಂದರೆ
ಮತ್ತೆ ಒಂದರಿಂದ.

ನಿನ್ನೆ ರಾತ್ರಿ ಹಚ್ಚಿದೆ. ಹಸಿರು ದೀಪ.
ಒಳಗಿಂದ ಒಬ್ಬ ಹೆಣ್ಣುಮಗಳು ಏನೋ ಅಂದಳು,
ಮೆತ್ತಗೆ, ಅವಳ ಭಾಷೆಯಲ್ಲಿ.
"ಬೈದಳಾ?" ಅಂದ ನಮ್ಮ ಹುಡುಗ ನೂರುಲ್ಲಾ.
ಜೋಗಿಮಟ್ಟಿ ಕಡೆಯ ಗುಡ್ಡದಲ್ಲಿ
ಗಾಳಿಯಂತ್ರಗಳ ಕೆಂಪು ದೀಪ ಮಿಣುಕುತ್ತಿದ್ದವು.
ಟ್ರಾನ್ಸ್‌ಫಾರ್ಮರಿನ ಮೇಲೆ ಅಂಗೈ ಇಟ್ಟು ನೋಡಿದೆ:
ಕರುವಿನ ಮೈಯಷ್ಟೇ ಬಿಸಿ.

ಹನ್ನೊಂದಕ್ಕೆ ಕರೆಂಟು ಹೋಯ್ತು.
ಕತ್ತಲಲ್ಲಿ ಅವಳು ಮತ್ತೆ ಏನೋ ಅಂದಳು.
ಈ ಸಲ ಇಬ್ಬರಿಗೂ ಅರ್ಥವಾಯ್ತು.